ಅವರು ಹಟ ಹಿಡಿದು ಕೂತಿಲ್ಲ

ಮೇಡಂ, ನನಗೆ 61 ವರ್ಷ, ನಮ್ಮ ಮನೆಯವರಿಗೆ 68. ತರೀಕೆರೆ ಕಡೆಯ ಹಳ್ಳಿ, ಸ್ವಲ್ಪ ಅಡಿಕೆ ತೋಟ ಇದೆ. ಇವರು ವ್ಯವಸಾಯ ಸೇವಾ ಸಹಕಾರ ಸಂಘದ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಕಿರ್ದಿ ಬರೆಯುವುದರಲ್ಲಿ ಇವರ ಕೈ ಎಂಥದ್ದು ಅಂತ ಸುತ್ತಿನ ನಾಲ್ಕೂರಿಗೂ ಗೊತ್ತು. ಆಡಿಟ್‌ನವರು ಬರುತ್ತಾರೆ ಅಂದರೆ ಎಂಟಾಣೆ ವ್ಯತ್ಯಾಸವಿದ್ದರೂ ರಾತ್ರಿಯೆಲ್ಲ ಕೂತು ಹುಡುಕುತ್ತಿದ್ದರು. ಬಿಪಿ ಶುರುವಾಗಿ 20 ವರ್ಷವಾಯಿತು, ಶುಗರ್ 8 ವರ್ಷದಿಂದ. "ತಲೆನೋವಿಲ್ಲ, ತಲೆಸುತ್ತಿಲ್ಲ, ಮಾತ್ರೆ ಯಾಕೆ?" ಅಂತ ಬಿಪಿ ಮಾತ್ರೆಯನ್ನು ಮನಸ್ಸು ಬಂದಾಗ ತಗೊಂಡು, ಇಲ್ಲದಾಗ ಬಿಟ್ಟರು.

ಎರಡು ವರ್ಷದಿಂದ ಮನುಷ್ಯ ಬೇರೆಯೇ ಆಗಿದ್ದಾರೆ. ಬೆಳಿಗ್ಗೆ ಜಗಲಿಯ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದವರೆಗೂ ಹಾಗೇ. ತೊಡೆಯ ಮೇಲೆ ಪೇಪರಿರುತ್ತೆ, ಮೊದಲ ಪುಟ ಮಗುಚುವುದಿಲ್ಲ. ತೋಟದ ಕಡೆ ಹೋಗಿ ಬನ್ನಿ ಅಂದರೆ "ಹೂಂ" ಅನ್ನುತ್ತಾರೆ, ಏಳುವುದಿಲ್ಲ. ಪೇಟೆಗೆ ಹೋಗುವಾಗ ಹಾಲು, ಕೊತ್ತಂಬರಿ ಸೊಪ್ಪು, ಕರೆಂಟ್ ಬಿಲ್ಲು ಅಂತ ಮೂರು ಕೆಲಸ ಹೇಳಿದರೆ ಒಂದು ಮಾಡಿಕೊಂಡು ಬರುತ್ತಾರೆ. ಹೆಜ್ಜೆ ಚಿಕ್ಕದಾಗಿದೆ, ಕಾಲು ನೆಲಕ್ಕೆ ಅಂಟಿದ ಹಾಗೆ ನಡೆಯುತ್ತಾರೆ. ಹೊಸ್ತಿಲು ಎಡವಿ ಎರಡು ಸಲ ಬಿದ್ದರು. ಬಚ್ಚಲಿಗೆ ಹೋಗುವಷ್ಟರಲ್ಲಿ ಪಂಚೆ ಒದ್ದೆ. ಮೊಮ್ಮಗಳು ಫೋನಿನಲ್ಲಿ "ತಾತಾ" ಅಂದರೆ ಬಿಕ್ಕಿ ಬಿಕ್ಕಿ ಅಳುತ್ತಾರೆ. ಯಾಕ್ರೀ ಅಂದರೆ "ಏನಿಲ್ಲ" ಅಂತಾರೆ.

ಆದರೆ ನೆನಪು ಚೆನ್ನಾಗೇ ಇದೆ. 30 ವರ್ಷದ ಹಿಂದೆ ಯಾರು ಎಷ್ಟು ಬೆಳೆಸಾಲ ತಗೊಂಡಿದ್ದರು, ಯಾರು ಸುಸ್ತಿದಾರರಾಗಿದ್ದರು ಅಂತ ಕೇಳಿದರೆ ಹೇಳುತ್ತಾರೆ. ಅದಕ್ಕೇ ಬೆಂಗಳೂರಿನಲ್ಲಿರೋ ಮಗ, "ಅಮ್ಮಾ, ಅಪ್ಪಂಗೆ ಏನೂ ಆಗಿಲ್ಲ. ಹಟ, ಸೋಮಾರಿತನ. ನೀನೇ ಮುದ್ದು ಮಾಡಿ ಹಾಳು ಮಾಡ್ತಿದೀಯ" ಅಂತಾನೆ. ಎಂಆರ್‌ಐ ಮಾಡಿಸಿದೆವು. ರಿಪೋರ್ಟನ್ನು ಸೊಸೆ ಓದಿ ಹೇಳಿದಳು: ಸ್ಮಾಲ್ ವೆಸೆಲ್ ಚೇಂಜಸ್, ಫಜೆಕಾಸ್ ಗ್ರೇಡ್ 2, ಲ್ಯಾಕ್ಯೂನ್ಸ್, ಮೈಕ್ರೋಬ್ಲೀಡ್ಸ್, ಏಜ್ ರಿಲೇಟೆಡ್ ಅಟ್ರೋಫಿ. ಡಾಕ್ಟರು "ವಯಸ್ಸಿಗೆ ಸಹಜ, ಬಿಪಿ ನೋಡಿಕೊಳ್ಳಿ" ಅಂದು ಕಳಿಸಿದರು. ಹೃದಯದ ಎಕೋ, ಕತ್ತಿನ ಡಾಪ್ಲರ್ ಎರಡೂ ನಾರ್ಮಲ್ ಅಂತೆ.

ನನಗೂ ಸಾಕಾಗಿ ಹೋದ ವಾರ "ನಿಮಗೆ ಬಾಯಿಲ್ವಾ?" ಅಂತ ಕೂಗಾಡಿಬಿಟ್ಟೆ. ಅವರು ಸುಮ್ಮನೆ ನೋಡಿದರು. ಇವರು ಬೇಕು ಅಂತ ಮಾಡ್ತಿದ್ದಾರಾ ಮೇಡಂ? ಮೆದುಳಲ್ಲಿ ಬಿಳಿ ಚುಕ್ಕೆ ಅಂದರೇನು? ವರ್ಷಕ್ಕೊಂದು ಸಲ ಸ್ಕ್ಯಾನ್ ಮಾಡಿಸಬೇಕಾ? ಪಕ್ಕದ ಮನೆಯವರು ರಕ್ತ ತೆಳುವಾಗೋ ಮಾತ್ರೆ ಕೊಡಿ ಅಂತಾರೆ, ಕೊಡಲಾ? ಮುಂದೆ ನನ್ನ ಗುರುತೂ ಸಿಗದ ಹಾಗೆ ಆಗಿಬಿಡ್ತಾರಾ?

— ಹೆಸರು ಬೇಡ, ತರೀಕೆರೆ ತಾಲ್ಲೂಕು

ತಾಯಿ,

ಇಲ್ಲ, ಅವರು ಬೇಕೆಂದು ಮಾಡುತ್ತಿಲ್ಲ. ನೀವು ಬರೆದದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಕುರ್ಚಿ ಬಿಟ್ಟು ಏಳದಿರುವುದು, ಮೂರು ಕೆಲಸದಲ್ಲಿ ಒಂದೇ ಆಗುವುದು, ಅಂಟಿದ ಹೆಜ್ಜೆ, ತಡೆಯಲಾಗದ ಮೂತ್ರ, ಹಠಾತ್ತನೆ ಬರುವ ಅಳು. ಹಟ ಹಿಡಿದವರು ಮಾತು ಬಿಡಬಹುದು, ಊಟ ಬಿಡಬಹುದು. ಹಟಕ್ಕೆ ಹೆಜ್ಜೆ ಚಿಕ್ಕದಾಗುವುದಿಲ್ಲ, ಪಂಚೆ ಒದ್ದೆಯಾಗುವುದಿಲ್ಲ. ಈ ಐದೂ ಒಟ್ಟಿಗೆ ಬಂದಿವೆ, ರಿಪೋರ್ಟಿನಲ್ಲಿ ಆ ಪದಗಳಿವೆ, 20 ವರ್ಷ ಹತೋಟಿ ತಪ್ಪಿದ ಬಿಪಿ ಇದೆ. ಇವೆಲ್ಲ ಮೆದುಳಿನ ಸಣ್ಣ ರಕ್ತನಾಳಗಳ ಕಾಯಿಲೆಯತ್ತ ಕೈತೋರಿಸುತ್ತವೆ. ನಾನು ಅವರನ್ನು ಕಣ್ಣಾರೆ ನೋಡಿಲ್ಲ. ಖಚಿತ ಮಾತು ಹೇಳಬೇಕಾದವರು ನರರೋಗ ತಜ್ಞರು. ಆದರೆ "ಸೋಮಾರಿತನ" ಎಂಬ ಮಾತನ್ನು ಇವತ್ತಿನಿಂದಲೇ ನಿಮ್ಮ ಮನೆಯಿಂದ ಆಚೆ ಹಾಕಿ ಎಂದು ಧೈರ್ಯವಾಗಿ ಹೇಳುತ್ತೇನೆ.

ಎಕೋ, ಡಾಪ್ಲರ್ ಎರಡೂ ಸರಿಯಿದ್ದ ಮೇಲೆ ರಕ್ತನಾಳದ ಕಾಯಿಲೆ ಹೇಗೆ ಅಂತ ನಿಮಗೆ ಅನ್ನಿಸಿರಬೇಕು. ತೋಟದ ಡ್ರಿಪ್ಪನ್ನೇ ನೆನೆಸಿಕೊಳ್ಳಿ. ಮೋಟಾರು ಸರಿ, ದೊಡ್ಡ ಪೈಪೂ ಸರಿ, ಆದರೂ ಗಿಡದ ಬುಡದ ಸಣ್ಣ ಪೈಪು ಕಟ್ಟಿಕೊಂಡರೆ ಆ ಗಿಡ ಒಣಗುತ್ತದೆ. ಎಕೋ ನೋಡುವುದು ಮೋಟಾರನ್ನು, ಡಾಪ್ಲರ್ ನೋಡುವುದು ದೊಡ್ಡ ಪೈಪನ್ನು. ಮೆದುಳಿನ ಒಳಕ್ಕೆ ಇಳಿಯುವ ಕೊನೆಯ ನಾಳಗಳು ಅರ್ಧ ಮಿಲಿಮೀಟರಿಗಿಂತ ಸಣ್ಣವು. ಒಂದು ಮುಚ್ಚಿದರೆ ಪಕ್ಕದಿಂದ ರಕ್ತ ಬರುವ ದಾರಿ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿರುವ ಮೆದುಳು ನಾವು ಬಳಸುವ ಆಮ್ಲಜನಕದಲ್ಲಿ ಐದನೇ ಒಂದು ಭಾಗವನ್ನು ತಾನೇ ತೆಗೆದುಕೊಳ್ಳುತ್ತದೆ. ವರ್ಷಗಟ್ಟಲೆ ಏರಿದ ಒತ್ತಡಕ್ಕೆ ಆ ನಾಳಗಳ ಗೋಡೆ ದಪ್ಪವಾಗಿ, ಗಡುಸಾಗಿ, ಒಳದಾರಿ ಕಿರಿದಾಗುತ್ತದೆ. ತಲೆನೋವು ಬರುವುದಿಲ್ಲ, ತಲೆ ಸುತ್ತುವುದಿಲ್ಲ. ಏನೂ ಗೊತ್ತಾಗದ ಹಾಗೆ 20 ವರ್ಷ ಕಳೆದದ್ದು ಅದಕ್ಕೇ. ಇದು ಹೊಸ ಕಾಯಿಲೆಯೇನೂ ಅಲ್ಲ. ಮೆದುಳಿನ ಒಳಗಿನ, ನರತಂತುಗಳು ಹಾದುಹೋಗುವ ಬಿಳಿಭಾಗ ಹೀಗೆ ಸವೆದವರನ್ನು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ ಆಟೊ ಬಿನ್ಸ್‌ವಾಂಗರ್ 1894ರಲ್ಲೇ ವಿವರಿಸಿದ್ದರು. ಬದುಕಿರುವಾಗಲೇ ಒಳಗನ್ನು ನೋಡುವ ಸಾಧನ ಆಗ ಇರಲಿಲ್ಲ, ಅಷ್ಟೆ.

ಈಗ ರಿಪೋರ್ಟು. ನಮ್ಮ ಹಳ್ಳಿಯ ಜನ ಇಷ್ಟು ದುಡ್ಡು ಕೊಟ್ಟು ಮಾಡಿಸುವ ಎಂಆರ್‌ಐ ವರದಿಯ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಬಾರದೇ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಅದಿಲ್ಲದ್ದರಿಂದ ಇಲ್ಲಿ ಹೇಳುತ್ತೇನೆ. ಎಂಆರ್‌ಐನಲ್ಲಿ ಫ್ಲೇರ್ ಎಂಬ ಒಂದು ಬಗೆಯ ಚಿತ್ರ ತೆಗೆಯುತ್ತಾರೆ. ರಕ್ತ ಸಾಲದೆ ಸವೆದ ಜಾಗ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ನೀವು ಬಿಳಿ ಚುಕ್ಕೆ ಎಂದಿರುವುದು ಅದೇ. ಫಜೆಕಾಸ್ ಎಂಬುದು ಕಾಯಿಲೆಯ ಹೆಸರಲ್ಲ, ಆಸ್ಟ್ರಿಯಾದ ಒಬ್ಬ ವೈದ್ಯರ ಹೆಸರು. ಬಿಳಿ ಕಲೆ ಎಷ್ಟಿದೆ ಎಂದು ಸೊನ್ನೆಯಿಂದ 3ರವರೆಗೆ ಅಳೆಯುವ ಕ್ರಮವನ್ನು ಅವರು 1987ರಲ್ಲಿ ಕೊಟ್ಟರು. 1 ಎಂದರೆ ಬಿಡಿ ಚುಕ್ಕೆಗಳು, 2 ಎಂದರೆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಳ್ಳತೊಡಗಿವೆ, 3 ಎಂದರೆ ಕೂಡಿಕೊಂಡು ಹರಡಿವೆ. ಲ್ಯಾಕ್ಯೂನ್ ಎಂದರೆ ಸಣ್ಣ ನಾಳವೊಂದು ಮುಚ್ಚಿಹೋಗಿ ಅಲ್ಲಿನ ಮೆದುಳು ಸತ್ತು ನೀರು ತುಂಬಿಕೊಂಡ ಗುಳಿ, 3ರಿಂದ 15 ಮಿಲಿಮೀಟರಿನಷ್ಟು. ಅಂದರೆ ನಿಮಗಾಗಲಿ ಅವರಿಗಾಗಲಿ ಗೊತ್ತಾಗದ ಹಾಗೆ ಸಣ್ಣ ಸ್ಟ್ರೋಕ್ ಆಗಿ ಹೋಗಿದೆ. ಅಟ್ರೋಫಿ ಎಂದರೆ ಮೆದುಳು ಸ್ವಲ್ಪ ಕುಗ್ಗಿದೆ.

ಮೈಕ್ರೋಬ್ಲೀಡ್ ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಅದು ಸಣ್ಣ ನಾಳದಿಂದ ರಕ್ತ ಜಿನುಗಿ ಉಳಿದ ಗುರುತು. ಎಸ್‌ಡಬ್ಲ್ಯುಐ ಎಂಬ ಚಿತ್ರದಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ, ಸಾಮಾನ್ಯ ಸಿಟಿ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ಚುಕ್ಕೆಗಳು ಮೆದುಳಿನ ಆಳದಲ್ಲಿದ್ದರೆ ಬಿಪಿಯ ಕೆಲಸ ಎಂದು ತಿಳಿಯುತ್ತಾರೆ. ಹೊರ ಅಂಚಿನಲ್ಲಷ್ಟೇ ಇದ್ದರೆ ನಾಳದ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಕೂರುವ ಬೇರೊಂದು ಕಾಯಿಲೆಯ ಅನುಮಾನ ಬರುತ್ತದೆ. ಎಷ್ಟು ಚುಕ್ಕೆ, ಯಾವ ಜಾಗದಲ್ಲಿ ಎಂದು ತಜ್ಞರನ್ನು ಕೇಳಿ. ಪಕ್ಕದ ಮನೆಯವರ ಸಲಹೆಗೂ ಉತ್ತರ ಇದರಲ್ಲೇ ಇದೆ: ರಕ್ತ ಜಿನುಗಿದ ಗುರುತಿರುವ ಮೆದುಳಿಗೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ನಾವಾಗಿ ಅಂಗಡಿಯಿಂದ ತಂದು ಕೊಡುವ ಹಾಗೇ ಇಲ್ಲ. ಸಣ್ಣ ನಾಳದ ಸ್ಟ್ರೋಕ್ ಆದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಎಸ್‌ಪಿಎಸ್3 ಎಂಬ ಪ್ರಯೋಗ ನಡೆದು 2012ರಲ್ಲಿ ಫಲಿತಾಂಶ ಬಂತು. ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್ ಸೇರಿಸಿ ಕೊಟ್ಟವರಲ್ಲಿ ಮತ್ತೆ ಸ್ಟ್ರೋಕ್ ಆಗುವುದೇನೂ ಗಣನೀಯವಾಗಿ ತಗ್ಗಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಾಯಿತು. ಆಸ್ಪಿರಿನ್ ಒಂದೇ ಬೇಕೋ, ಅದೂ ಬೇಡವೋ ಎಂಬುದನ್ನು ಕಪ್ಪು ಚುಕ್ಕೆಗಳನ್ನು ನೋಡಿದ ವೈದ್ಯರೇ ತೀರ್ಮಾನಿಸಲಿ.

"ವಯಸ್ಸಿಗೆ ಸಹಜ" ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. 60 ದಾಟಿದ ಬಹಳ ಜನರಿಗೆ ಒಂದಷ್ಟು ಬಿಳಿ ಚುಕ್ಕೆ ಇರುತ್ತದೆ, ಅದು ನಿಜ. ಆದರೆ ಗ್ರೇಡ್ 2, ಗುಳಿಗಳು, ರಕ್ತದ ಗುರುತು, ಜೊತೆಗೆ ಮನುಷ್ಯನೇ ಬದಲಾಗಿರುವುದು, ಇಷ್ಟನ್ನೂ ಕೂಡಿಸಿ ವಯಸ್ಸಿನ ತಲೆಗೆ ಕಟ್ಟಿದರೆ ಮಾಡಬಹುದಾದ ಕೆಲಸವೂ ಆಗದೆ ಉಳಿಯುತ್ತದೆ. ಇದರ ಇನ್ನೊಂದು ಮಗ್ಗುಲೂ ಇದೆ. ಅದೇ ಗ್ರೇಡ್ 2 ಇರುವ ಇನ್ನೊಬ್ಬರು ದಿನಾ ಪೇಟೆಗೆ ಹೋಗಿ ವ್ಯಾಪಾರ ಮಾಡಿಕೊಂಡು ಬರುತ್ತಿರಬಹುದು. ಕಲೆ ಯಾವ ದಾರಿಯ ಮೇಲೆ ಕೂತಿದೆ, ಅದಕ್ಕೂ ಮೊದಲು ಆ ಮೆದುಳು ಎಷ್ಟು ದುಡಿದಿತ್ತು, ಎಷ್ಟು ಕಲಿತಿತ್ತು ಎಂಬುದರ ಮೇಲೆ ಹೋಗುತ್ತದೆ ಇದು. ಹಾಗಾಗಿ ಚಿತ್ರವನ್ನಷ್ಟೇ ನೋಡಿ ಹೆದರಬೇಡಿ, ಚಿತ್ರವನ್ನಷ್ಟೇ ನೋಡಿ ಸಮಾಧಾನವೂ ಪಡಬೇಡಿ. ವರ್ಷಕ್ಕೊಂದು ಸಲ ಸ್ಕ್ಯಾನು ಬೇಕಿಲ್ಲ. ಹೊಸ ಲಕ್ಷಣ ಬಂದರೆ, ಬಿದ್ದು ತಲೆಗೆ ಪೆಟ್ಟಾದರೆ, ಡಾಕ್ಟರು ಕಾರಣ ಹೇಳಿ ಕೇಳಿದರೆ ಮಾಡಿಸಿ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಬಿಪಿ ಮಿಷನ್ ಬರುತ್ತದೆ.

ನಿಮ್ಮ ಮಗನನ್ನು ದಾರಿ ತಪ್ಪಿಸಿರುವುದು ಅಪ್ಪನ ನೆನಪು. ಹಳೆಯ ಸುಸ್ತಿದಾರರ ಹೆಸರು ಹೇಳುವವರಿಗೆ ಕೊತ್ತಂಬರಿ ಸೊಪ್ಪು ಹೇಗೆ ಮರೆಯುತ್ತದೆ ಎಂದು ಅವನಿಗೆ ಅನುಮಾನ. ನ್ಯಾಯವಾದ ಅನುಮಾನವೇ. ಆದರೆ ನೆನಪಿಟ್ಟುಕೊಳ್ಳುವುದು ಒಂದು ಕೆಲಸ, ನೆನಪಿದ್ದುದನ್ನು ಹೊತ್ತಿಗೆ ಸರಿಯಾಗಿ ಎತ್ತಿಕೊಂಡು, ಇದಾದ ಮೇಲೆ ಅದು ಎಂದು ಜೋಡಿಸಿ, ಎದ್ದು ಹೊರಡುವುದು ಬೇರೊಂದು ಕೆಲಸ. ಎರಡನೆಯದನ್ನು ನಡೆಸುವುದು ಹಣೆಯ ಹಿಂದಿನ ಮುಂಭಾಗದ ಮೆದುಳು. ಅಲ್ಲಿಂದ ಮೆದುಳಿನ ಆಳದ ನರಗಂಟುಗಳಿಗೆ ಹೋಗಿ ಬರುವ ತಂತುಗಳು ಇದೇ ಬಿಳಿಭಾಗದ ಮೂಲಕ ಹಾದುಹೋಗುತ್ತವೆ, ಸವೆದಿರುವುದೂ ಅಲ್ಲೇ. ಆದ್ದರಿಂದ "ಹೂಂ" ಎಂದದ್ದು ಸುಳ್ಳಲ್ಲ. ತೋಟಕ್ಕೆ ಹೋಗಬೇಕು ಎಂದು ಅವರಿಗೆ ಅರ್ಥವಾಗಿದೆ, ಒಪ್ಪಿದ್ದಾರೆ. ಒಪ್ಪಿದ್ದು ಕಾಲಿಗೆ ತಲುಪುವ ಮೊದಲೇ ನಿಂತುಹೋಗುತ್ತದೆ. ವೈದ್ಯರು ಇದನ್ನು ಅಪಥಿ ಎನ್ನುತ್ತಾರೆ, ನಾವು ನಿರಾಸಕ್ತಿ ಎನ್ನೋಣ.

ನೀವೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಅವರಿಗೆ ಕೇಳಿಸುವಂತೆ ಐದು ಪದ ಹೇಳಿ, ಅವರಿಂದಲೂ ಹೇಳಿಸಿ: ಸೇವಂತಿಗೆ, ಮಂಚ, ಹಾಗಲಕಾಯಿ, ರೇಷ್ಮೆ, ದೇವಸ್ಥಾನ. ಹತ್ತು ನಿಮಿಷ ಬೇರೆ ಮಾತಾಡಿ ಆಮೇಲೆ ಕೇಳಿ. ಎರಡು ಹೇಳಿ ಸುಮ್ಮನಾಗಬಹುದು. ಆಗ "ಒಂದು ಹೂವಿತ್ತಲ್ಲ" ಎನ್ನಿ. "ಹಾಂ, ಸೇವಂತಿಗೆ" ಎಂದು ಬಂದರೆ ಪದ ಒಳಗೇ ಇತ್ತು, ಎತ್ತಿಕೊಡುವುದು ಮಾತ್ರ ತಡವಾಗಿತ್ತು ಎಂದು ಅರ್ಥ. ಸಣ್ಣ ರಕ್ತನಾಳದ ಕಾಯಿಲೆಯಲ್ಲಿ ಸುಳಿವು ಕೊಟ್ಟರೆ ಹೀಗೆ ನೆನಪು ಬರುವುದು ಹೆಚ್ಚು. ಆಲ್ಜೈಮರ್‌ನಲ್ಲಿ ಪದ ಒಳಗೆ ನಿಂತೇ ಇರುವುದಿಲ್ಲ, ಸುಳಿವು ಕೊಟ್ಟರೂ ಅಷ್ಟಾಗಿ ಉಪಯೋಗವಿಲ್ಲ. ಇದು ಮನೆಯಲ್ಲಿ ನಿಮ್ಮ ತಿಳಿವಳಿಕೆಗೆ ಮಾತ್ರ. ತೀರ್ಪಿಗಲ್ಲ.

ತೀರ್ಪಿಗೆ ನರಮನೋವಿಜ್ಞಾನದ ಪೂರ್ತಿ ಪರೀಕ್ಷೆ ಆಗಬೇಕು. ನಿಮ್ಮವರ ವಿಷಯದಲ್ಲಿ ಅದನ್ನು ಸ್ಕ್ಯಾನಿಗಿಂತ ಮುಖ್ಯ ಎಂದೇ ನಾನು ಎಣಿಸುತ್ತೇನೆ. ಗಡಿಯಾರ ಬರೆದು ಹನ್ನೊಂದು ಹತ್ತಕ್ಕೆ ಮುಳ್ಳು ಇಡಿ ಎನ್ನುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೆ ನೋಡುತ್ತಾರೆ. ಅಂಕಿ ಒಂದು, ಅಕ್ಷರ ಒಂದು, ಹೀಗೆ ಬದಲಿಸುತ್ತ ಗೆರೆ ಎಳೆಯಲು ಹೇಳಿ ಹೊತ್ತು ಅಳೆಯುತ್ತಾರೆ. ನಿಮ್ಮವರು ಜೀವಮಾನವೆಲ್ಲ ಲೆಕ್ಕ ಬರೆದವರು. ಕೂಡಿ ಕಳೆಯುವುದರಲ್ಲಿ ಈಗಲೂ ತಪ್ಪದಿರಬಹುದು, ಅದನ್ನು ಕಂಡು "ಏನೂ ತೊಂದರೆಯಿಲ್ಲ" ಎಂದುಬಿಡಬಾರದು. ಸರಿ ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದರಲ್ಲೇ ಈ ಕಾಯಿಲೆ ಗೊತ್ತಾಗುವುದು. ಮೊದಲು ಎಂಥ ಲೆಕ್ಕಿಗರಾಗಿದ್ದರು ಎಂದು ಪರೀಕ್ಷೆ ಮಾಡುವವರಿಗೆ ನೀವೇ ಹೇಳಿ. ಪರೀಕ್ಷೆ ಕನ್ನಡದಲ್ಲೇ ಆಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಇಂಥ ಪರೀಕ್ಷೆಗಳ ಒಂದು ಗುಚ್ಛವನ್ನು ಸಿದ್ಧಪಡಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮರೆವಿನ ಕಾಯಿಲೆಗೆ ಪ್ರತ್ಯೇಕ ವ್ಯವಸ್ಥೆಯಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರುಮಾಡಿದ ಕರ್ನಾಟಕ ಮೆದುಳು ಆರೋಗ್ಯ ಯೋಜನೆಯ ಕ್ಲಿನಿಕ್ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿದೆಯೇ ಎಂದು ಮೊದಲು ವಿಚಾರಿಸಿ, ಬೆಂಗಳೂರಿನ ಓಡಾಟ ತಪ್ಪಿದರೂ ತಪ್ಪಬಹುದು.

ಹೋದಾಗ ಖಿನ್ನತೆ ಇದೆಯೇ ಎಂದೂ ನೋಡಲು ಹೇಳಿ. ನಿರಾಸಕ್ತಿ, ಖಿನ್ನತೆ ಎರಡೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ, ಜೊತೆಯಲ್ಲೂ ಇರಬಹುದು. ಖಿನ್ನತೆಯಲ್ಲಿ ಮನುಷ್ಯ ಒಳಗೆ ನೋಯುತ್ತಿರುತ್ತಾನೆ. ನಾನು ಯಾರಿಗೂ ಬೇಡ, ಬದುಕಿ ಏನು ಪ್ರಯೋಜನ ಎನ್ನುತ್ತಾನೆ, ನಿದ್ದೆ ಊಟ ಕೆಡುತ್ತದೆ. ಬರೀ ನಿರಾಸಕ್ತಿಯಲ್ಲಿ ಆ ನೋವು ಕಾಣುವುದಿಲ್ಲ. ಕೊಟ್ಟರೆ ಉಣ್ಣುತ್ತಾರೆ, ಕೇಳಿದರೆ "ಚೆನ್ನಾಗಿದ್ದೀನಿ" ಎನ್ನುತ್ತಾರೆ, ತಾವಾಗಿ ಏನನ್ನೂ ಶುರುಮಾಡುವುದಿಲ್ಲ. ಸಣ್ಣ ರಕ್ತನಾಳದ ಕಾಯಿಲೆಯವರಲ್ಲಿ ಬಿಳಿಭಾಗದ ತಂತುಗಳ ಹಾನಿಗೆ ಖಿನ್ನತೆಗಿಂತ ನಿರಾಸಕ್ತಿಯ ನಂಟೇ ಗಟ್ಟಿ ಎಂದು ಲಂಡನ್ನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ವ್ಯತ್ಯಾಸ ತಿಳಿಯುವುದು ಏಕೆ ಮುಖ್ಯವೆಂದರೆ, ಖಿನ್ನತೆಗೆ ಒಳ್ಳೆಯ ಮಾತ್ರೆಗಳಿವೆ. ನಿರಾಸಕ್ತಿಗೆ ಮಾತ್ರೆಯಿಂದ ಹೆಚ್ಚೇನೂ ಆಗುವುದಿಲ್ಲ, ಅಲ್ಲಿ ಕೆಲಸಕ್ಕೆ ಬರುವುದು ಮನೆಯವರು ದಿನವನ್ನು ಜೋಡಿಸಿಕೊಡುವ ರೀತಿ.

ಮೊಮ್ಮಗಳ ದನಿ ಕೇಳಿ ಅಳುವುದು ಇವೆರಡೂ ಅಲ್ಲದ ಇನ್ನೊಂದು. ಅಳು ನಗುವಿಗೆ ಮೆದುಳಿನಲ್ಲೊಂದು ಹಿಡಿತವಿರುತ್ತದೆ. ಅದು ಸಡಿಲವಾದರೆ ಎಲ್ಲರಿಗೂ ಕಣ್ಣಂಚು ಒದ್ದೆಯಾಗುವಷ್ಟರ ಸಂಗತಿಗೆ ಇವರಿಗೆ ಬಿಕ್ಕುವಿಕೆಯೇ ಬಂದುಬಿಡುತ್ತದೆ. ಅರ್ಧ ನಿಮಿಷದಲ್ಲಿ ನಿಂತೂ ಹೋಗುತ್ತದೆ. "ಏನಿಲ್ಲ" ಎಂದು ಅವರು ಹೇಳಿದ್ದು ನಿಜವೇ. ಯಾಕೆ ಎಂದು ಕೆದಕಬೇಡಿ, ಟವಲು ಕೊಟ್ಟು ಮಾತು ಬೇರೆ ಕಡೆ ತಿರುಗಿಸಿ. ಮೊಮ್ಮಗಳಿಗೂ "ತಾತನಿಗೆ ಖುಷಿಯಾದರೂ ಅಳು ಬರುತ್ತೆ" ಎಂದು ಹೇಳಿಕೊಡಿ, ಮಗು ಹೆದರುವುದಿಲ್ಲ, ಫೋನು ಮಾಡುವುದನ್ನು ಬಿಡುವುದೂ ಇಲ್ಲ. ಜಾಸ್ತಿಯಾಗಿದ್ದರೆ ಇದಕ್ಕೆ ಔಷಧಿ ಇದೆ, ಡಾಕ್ಟರಿಗೆ ತಿಳಿಸಿ.

ಕಾಲು ಮತ್ತು ಮೂತ್ರದ ತೊಂದರೆಯೂ ಇದೇ ತಂತುಗಳದ್ದು. ನಡಿಗೆ, ಮೂತ್ರ, ಮಂಕಾದ ಬುದ್ಧಿ ಈ ಮೂರರ ತೊಂದರೆಯೂ ಕೂಡುವ ಇನ್ನೊಂದು ಸ್ಥಿತಿಯಿದೆ, ಮೆದುಳಿನೊಳಗಿನ ನೀರಿನ ಕೋಣೆಗಳು ಹಿಗ್ಗುವುದು. ಅದಕ್ಕೆ ಶಸ್ತ್ರಚಿಕಿತ್ಸೆ ಉಂಟು, ಹಾಗಾಗಿ ಅದಲ್ಲ ತಾನೇ ಎಂದು ಎಂಆರ್‌ಐ ತೋರಿಸಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಮೂತ್ರ ತಡೆಯುವ ಮಾತ್ರೆಗಳಲ್ಲಿ ಆಕ್ಸಿಬ್ಯುಟಿನಿನ್‌ನಂಥ ಕೆಲವು, ನೆಗಡಿಗೆ ನುಂಗುವ ನಿದ್ದೆ ಬರಿಸುವ ಹಳೆಯ ಮಾತ್ರೆಗಳು, ನಿದ್ದೆ ಮಾತ್ರೆಗಳು ಇಂಥ ಮೆದುಳನ್ನು ಇನ್ನಷ್ಟು ಮಂಕು ಮಾಡುತ್ತವೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮುಂದೆ ಇಡಿ. ಬಚ್ಚಲಿಗೆ ಎರಡು ಮೂರು ಗಂಟೆಗೊಮ್ಮೆ, ಅವಸರವಾಗುವ ಮೊದಲೇ ನೀವೇ ಎಬ್ಬಿಸಿ ಕಳಿಸಿ. ಹೊಸ್ತಿಲಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಬಳಿಯಿರಿ, ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಒಂದು ಸಣ್ಣ ದೀಪ ಇರಲಿ, ಗೋಡೆಗೆ ಹಿಡಿಕೆ ಹಾಕಿಸಿ. ನಡಿಗೆಗೆ ಫಿಸಿಯೋಥೆರಪಿಯವರನ್ನು ಒಮ್ಮೆ ಕಾಣಿ.

ಬಿಪಿಯ ವಿಷಯಕ್ಕೆ ಬಂದರೆ, ಹೋದ ತಂತು ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಬಿಪಿ ಹತೋಟಿಗಿಂತ ದೊಡ್ಡ ಉಪಾಯ ಇನ್ನೂ ಸಿಕ್ಕಿಲ್ಲ. ಅಮೆರಿಕದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಸ್ಪ್ರಿಂಟ್ ಪ್ರಯೋಗದಲ್ಲಿ ಮೆದುಳಿಗೆ ಸಂಬಂಧಿಸಿದ ಫಲಿತಾಂಶ 2019ರಲ್ಲಿ ಬಂತು. ಮೇಲಿನ ಬಿಪಿಯನ್ನು 140ರ ಬದಲು 120ರ ಕೆಳಗೆ ಇಳಿಸಲು ಹೊರಟ ಗುಂಪಿನಲ್ಲಿ ಬುದ್ಧಿಶಕ್ತಿಯ ಆರಂಭಿಕ ಕುಂದು ನೂರಕ್ಕೆ ಸುಮಾರು 19ರಷ್ಟು ಕಡಿಮೆಯಾಯಿತು, ಬಿಳಿ ಕಲೆ ಬೆಳೆಯುವುದೂ ನಿಧಾನವಾಯಿತು. ಸಕ್ಕರೆ ಕಾಯಿಲೆಯವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ, ಹಾಗಾಗಿ ನಿಮ್ಮವರಿಗೆ ಎಷ್ಟರಲ್ಲಿ ನಿಲ್ಲಿಸಬೇಕು ಎಂಬ ಅಂಕಿಯನ್ನು ಅವರ ಡಾಕ್ಟರಿಂದಲೇ ಬರೆಸಿಕೊಳ್ಳಿ. ಸಾಮಾನ್ಯವಾಗಿ 130ರ ಕೆಳಗೆ ಎನ್ನುತ್ತಾರೆ. ಎದ್ದು ನಿಂತಾಗ ಬಿಪಿ ಧಡಕ್ಕನೆ ಇಳಿದರೆ ಬೀಳುವ ಅಪಾಯವಿದೆ, ಅದಕ್ಕೆ ಐದು ನಿಮಿಷ ಕೂತ ಮೇಲೊಮ್ಮೆ, ಎದ್ದು ನಿಂತ ಮೇಲೊಮ್ಮೆ ಅಳೆದು ಎರಡನ್ನೂ ಬರೆದಿಡಬೇಕು. ಮಾತ್ರೆ ನುಂಗಿಸುವ ಜವಾಬ್ದಾರಿ ಇನ್ನು ನಿಮ್ಮದು, ಅವರ ಮರ್ಜಿಗೆ ಬಿಡಬೇಡಿ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಕಡೆಯ ಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ದಿನಾ ತಟ್ಟೆಗೆ ಬಂದರೆ ಆ ಲೆಕ್ಕ ಊಟದ ಮೊದಲ ಸುತ್ತಿನಲ್ಲೇ ಮುಗಿಯುತ್ತದೆ. ಬಿ12, ಥೈರಾಯ್ಡ್, ಸೋಡಿಯಂ ಮೂರನ್ನೂ ಒಮ್ಮೆ ರಕ್ತದಲ್ಲಿ ನೋಡಿಸಿ. ಕೆಲವು ಬಿಪಿ ಮಾತ್ರೆಗಳಿಂದ ಸೋಡಿಯಂ ಇಳಿದೂ ಮನುಷ್ಯ ಮಂಕಾಗುವುದುಂಟು, ಸರಿಮಾಡಬಹುದಾದದ್ದು ಅದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದ ಹಾಗಾಗುತ್ತಿದ್ದರೆ ಅದನ್ನೂ ಹೇಳಿ. ಮೆದುಳಿಗೆ ಟಾನಿಕ್ಕು, ಶಕ್ತಿಯ ಡ್ರಿಪ್ಪು ಎಂದು ಯಾರಾದರೂ ಮಾರಲು ಬಂದರೆ ದುಡ್ಡು ಹಾಳು ಮಾಡಬೇಡಿ.

ಇನ್ನು ಜಗಲಿಯ ಕುರ್ಚಿ. "ತೋಟಕ್ಕೆ ಹೋಗಿ ಬನ್ನಿ" ಎಂದರೆ ಅವರು ಏಳುವುದಿಲ್ಲ. ನೀವೇ ಚಪ್ಪಲಿ ತಂದಿಟ್ಟು, "ಬನ್ನಿ, ಅಡಿಕೆಗೆ ಕೊಳೆರೋಗ ಬಿದ್ದಿದೆಯಾ ನೋಡಿಕೊಂಡು ಬರೋಣ" ಎಂದು ಕೈ ಕೊಟ್ಟು ಹೊರಟರೆ ಎದ್ದಾರು. ಮೊದಲ ಹೆಜ್ಜೆ ಹೊರಗಿನಿಂದ ಬಂದರೆ ಉಳಿದದ್ದು ಬಹಳ ಸಲ ತಾನಾಗಿ ಆಗುತ್ತದೆ. "ಏನು ತಿಂಡಿ ಮಾಡಲಿ?" ಎಂದು ಕೇಳಬೇಡಿ, "ಅವಲಕ್ಕಿಯೋ ದೋಸೆಯೋ?" ಎಂದು ಕೇಳಿ. ಕೇಳಿ ಸ್ವಲ್ಪ ಕಾಯಿರಿ. ಉತ್ತರ ಬರಲು ಅವರಿಗೆ ನಮಗಿಂತ ಹೊತ್ತು ಬೇಕು, ಆ ನಡುವೆ ನಾವು ಎರಡನೇ ಪ್ರಶ್ನೆ ಹಾಕಿದರೆ ಮೊದಲನೆಯದೂ ಕೈತಪ್ಪುತ್ತದೆ. ಪೇಟೆಗೆ ಒಂದು ಸಲಕ್ಕೆ ಒಂದೇ ಕೆಲಸ, ಅದೂ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ. ಇನ್ನೊಂದು ಮಾತು ನಾನು ಒತ್ತಿ ಹೇಳುತ್ತೇನೆ: ಮನೆಯ ದಿನದ ಖರ್ಚಿನ ಲೆಕ್ಕವನ್ನು ಅವರ ಕೈಯಲ್ಲೇ ಬರೆಸಿ. ಗೆರೆ ಎಳೆದ ಪುಸ್ತಕ, ಪೆನ್ನು ಅವರ ಮುಂದಿಟ್ಟು, ಪಕ್ಕದಲ್ಲಿ ಕೂತು "ಹಾಲು ಇಷ್ಟು, ತರಕಾರಿ ಇಷ್ಟು, ಆಳಿನ ಕೂಲಿ ಇಷ್ಟು" ಎಂದು ಒಂದೊಂದಾಗಿ ಹೇಳಿ. ನಿಧಾನವಾಗಿ ಬರೆಯುತ್ತಾರೆ, ಬರೆಯಲಿ. ಮೂವತ್ತು ನಲವತ್ತು ವರ್ಷ ಮಾಡಿದ ಕೆಲಸ ಕೈಗೆ ಬೇಗ ಹತ್ತುತ್ತದೆ. ಕೊನೆಯಲ್ಲಿ ಮೊತ್ತ ಕೇಳಿ, ಆ ಪುಸ್ತಕವನ್ನೇ ನಂಬಿ ನಡೆಯಿರಿ. ತೋರಿಕೆಗೆ ಬರೆಸಿ ಆಚೆ ಇಟ್ಟರೆ ಅವರಿಗೆ ಗೊತ್ತಾಗುತ್ತದೆ.

ಈ ಅಂಕಣವನ್ನು ನಿಮ್ಮ ಮಗನಿಗೆ ಕಳಿಸಿ. ಮಗನೇ, ನಿನಗೆ ಅಪ್ಪನ ಮೇಲೆ ಸಿಟ್ಟಲ್ಲ, ಆ ಚುರುಕಿನ ಅಪ್ಪ ಎಲ್ಲಿ ಹೋದರು ಎಂಬ ಸಂಕಟ ಎಂದು ನಾನು ತಿಳಿದಿದ್ದೇನೆ. ಒಂದು ವಾರ ರಜೆ ಹಾಕಿ ಊರಿಗೆ ಹೋಗಿ ಅವರ ಜೊತೆ ಇದ್ದು ನೋಡು. ಎಂಆರ್‌ಐ ಸಿಡಿ, ಮಾತ್ರೆಯ ಚೀಲ, ಬಿಪಿ ಬರೆದ ಪುಸ್ತಕ, ನಿನ್ನ ಅಮ್ಮ ಬರೆದ ಈ ಕಾಗದ, ಇಷ್ಟನ್ನೂ ಹಿಡಿದು ನರರೋಗ ತಜ್ಞರ ಬಳಿಗೆ ನೀನೇ ಕರೆದುಕೊಂಡು ಹೋಗು. ಅಮ್ಮ ಮುದ್ದು ಮಾಡಿ ಹಾಳು ಮಾಡಲಿಲ್ಲ. ಎರಡು ವರ್ಷ ಒಬ್ಬಳೇ ನಿಭಾಯಿಸಿದ್ದಾಳೆ.

ತಾಯಿ, ನಿಮ್ಮ ಕೊನೆಯ ಪ್ರಶ್ನೆ. ಮನೆಯವರ ಗುರುತು ತಪ್ಪುವುದು ಈ ಕಾಯಿಲೆಯ ಮೊದಮೊದಲ ಲಕ್ಷಣವಲ್ಲ. ಜೊತೆಗೆ ಆಲ್ಜೈಮರ್ ಇದ್ದರೆ ಕಥೆ ಬೇರೆಯಾಗಬಹುದು, ಅದಕ್ಕೇ ಪರೀಕ್ಷೆ ಆಗಲಿ ಎಂದದ್ದು. ಕಾಯಿಲೆ ಎಲ್ಲರಲ್ಲೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಕೆಲವರಲ್ಲಿ ನಿಧಾನ ಇಳಿಜಾರು, ಕೆಲವರಲ್ಲಿ ಒಂದು ಸಣ್ಣ ಸ್ಟ್ರೋಕ್ ಆದಾಗ ಒಂದು ಮೆಟ್ಟಿಲು ಇಳಿದು ಮತ್ತೆ ಬಹಳ ಕಾಲ ಹಾಗೇ. ಬಿಪಿ ಹತೋಟಿಯಲ್ಲಿದ್ದು ಕಲೆಗಳು ಬೆಳೆಯದೆ ನಿಂತವರಿದ್ದಾರೆ, ಕೆಲವರಲ್ಲಿ ತುಸು ಕುಗ್ಗಿದ್ದೂ ದಾಖಲಾಗಿದೆ. ಬಾಯಿ ಸೊಟ್ಟಗಾದರೆ, ಕೈಕಾಲು ಒಂದು ಕಡೆ ಸೋತರೆ, ಮಾತು ತೊದಲಿದರೆ, ನೋಟ ಹಠಾತ್ತನೆ ಮಸುಕಾದರೆ ನಾಳೆ ನೋಡೋಣ ಎನ್ನಬೇಡಿ, 108ಕ್ಕೆ ಫೋನು ಮಾಡಿ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಕೊಡುವುದಾದರೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಕೊಡಬಹುದೇ ಎಂದು ತೀರ್ಮಾನಿಸಲು ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ನಿಮ್ಮ ಕಡೆಯಿಂದ ಆ ಸೌಲಭ್ಯವಿರುವ ಆಸ್ಪತ್ರೆ ಯಾವುದು ಎಂದು ಈಗಲೇ ತಿಳಿದಿಟ್ಟುಕೊಳ್ಳಿ.

ಬ್ಯಾಂಕಿನ ಖಾತೆಗೆ ನಿಮ್ಮ ಹೆಸರು ಸೇರಿಸುವುದು, ತೋಟದ ಕಾಗದಪತ್ರ, ಉಯಿಲು ಇವೆಲ್ಲ ಅವರಿಗೆ ತಿಳಿದು ಸಹಿ ಹಾಕುವ ಶಕ್ತಿ ಇರುವಾಗಲೇ, ಅವರನ್ನು ಕೇಳಿ, ಅವರಿಂದಲೇ ಆಗಲಿ. ವಾರಕ್ಕೆ ಎರಡು ಮಧ್ಯಾಹ್ನ ಮೈದುನನೋ ಪಕ್ಕದ ಮನೆಯವರೋ ಬಂದು ಅವರ ಜೊತೆ ಕೂರಲಿ, ಆ ಹೊತ್ತು ನಿಮ್ಮದು. ಕೂಗಾಡಿದ್ದಕ್ಕೆ ಕೊರಗುತ್ತ ಕೂರಬೇಡಿ, ಏನಾಗಿದೆ ಎಂದು ನಿಮಗೆ ಯಾರೂ ಹೇಳಿರಲಿಲ್ಲ. ಇನ್ನು ಆಗುವುದಿಲ್ಲ ಅನ್ನಿಸಿದ ರಾತ್ರಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡುತ್ತಾರೆ. ಪರೀಕ್ಷೆಯ ವರದಿ ಬಂದ ಮೇಲೆ ನನಗೂ ಬರೆಯಿರಿ, ಅದನ್ನೂ ಸಾಲು ಸಾಲಾಗಿ ಬಿಡಿಸಿ ಹೇಳುತ್ತೇನೆ.